ಹಣೆಬರಹವೋ, ಕೈಬರಹವೋ?

‘ತಾನೊಂದು ಬಗೆದರೆ ದೈವವೊಂದು ಬಗೆಯಿತು’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಮಗನಿಗೆ ಬಯಸಿದ ಕಾಲೇಜಿನಲ್ಲಿ ಸೀಟು ಸಿಗದಿದ್ದಾಗ, ಗೊತ್ತಾದ ಸಂಬಂಧ ತಪ್ಪಿಹೋದಾಗ, ವ್ಯಾಪಾರದಲ್ಲಿ ಕೈ ಸುಟ್ಟುಕೊಂಡಾಗ ಈ ಮಾತು ತಾನಾಗಿಯೇ ನಮ್ಮ ಬಾಯಿಗೆ ಬರುತ್ತದೆ. ಊರು ಬಿಟ್ಟು ಬಂದ ನಮ್ಮಂಥವರಿಗಂತೂ ಇದು ಇನ್ನೂ ಹತ್ತಿರದ ಮಾತು. ‘ನೀವು ಮುಂಬಯಿಗೆ ಬಂದದ್ದು ಹೇಗೆ?’ ಎಂದು ಯಾರನ್ನೇ ಕೇಳಿ ನೋಡಿ. ‘ಇಲ್ಲಿಯ ಅನ್ನದ ಋಣವಿತ್ತು, ಬಂದೆವು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಮಾತಿನಲ್ಲಿ ವಿನಯವಿದೆ, ಸಮಾಧಾನವೂ ಇದೆ. ಆದರೆ ಅದರ ಮರೆಯಲ್ಲಿ ನಾವು ಎಷ್ಟೋ ಸಂಗತಿಗಳನ್ನು ಬಚ್ಚಿಡುತ್ತೇವೆಂಬುದು ನನಗೆ ತಡವಾಗಿ ತಿಳಿಯಿತು. ತಿಳಿಸಿದವರು ನಮ್ಮ ಚಾಳಿನಲ್ಲಿದ್ದ ಒಬ್ಬ ಕ್ರೈಸ್ತ ಹಿರಿಯರು.

ನಾನು ಧಾರವಾಡ ಜಿಲ್ಲೆಯ ಒಂದು ಹಳ್ಳಿಯಿಂದ 1976ರಲ್ಲಿ ಈ ಊರಿಗೆ ಬಂದವನು. ಒಂದು ಕಚೇರಿಯಲ್ಲಿ ಗುಮಾಸ್ತನ ಕೆಲಸ. ಇನ್ನಿಬ್ಬರೊಡನೆ ಹಂಚಿಕೊಂಡ ಒಂದು ಖೋಲಿ. ಪಕ್ಕದ ಖೋಲಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕೆಥೊಲಿಕ್ ಕುಟುಂಬವೊಂದಿತ್ತು. ಮನೆಯ ಯಜಮಾನರು ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮನೆಯೊಳಗೆ ಕೊಂಕಣಿ, ನಮ್ಮೊಡನೆ ಪುಸ್ತಕದಲ್ಲಿ ಬರೆದಂತಹ ಅಚ್ಚುಕಟ್ಟಾದ ಕನ್ನಡ. ರಾತ್ರಿ ಊಟವಾದ ಮೇಲೆ ಅವರು ಹೊರಗಿನ ಗ್ಯಾಲರಿಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದರು. ಕೈಯಲ್ಲಿ ಜಪಮಾಲೆ ಇರುತ್ತಿರಲಿಲ್ಲ, ಬೀಡಿಯೂ ಇರುತ್ತಿರಲಿಲ್ಲ. ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ ‘ದಿನದ ಲೆಕ್ಕ ನೋಡುತ್ತೇನೆ’ ಎಂದರು. ಮನೆಖರ್ಚಿನ ಲೆಕ್ಕವಿರಬೇಕೆಂದು ನಾನು ಸುಮ್ಮನಾದೆ.

1979ರ ಬೇಸಿಗೆಯಲ್ಲಿ ಅಪ್ಪನಿಂದ ಒಂದು ಕಾಗದ ಬಂತು. ಊರ ಜಾತ್ರೆಗೆ ಬಂದುಹೋಗು, ಮೈಯಲ್ಲಿ ಮೊದಲಿನ ಕಸುವಿಲ್ಲ, ನೋಡಬೇಕೆನಿಸಿದೆ ಎಂದು ಬರೆದಿದ್ದ. ನನಗೆ ರಜೆ ಇತ್ತು. ಆದರೆ ಕಚೇರಿಯ ಗೆಳೆಯರು ಮಹಾಬಳೇಶ್ವರಕ್ಕೆ ಹೋಗುವ ಏರ್ಪಾಡು ಮಾಡಿದ್ದರು. ಬೆಟ್ಟದ ಊರನ್ನು ನಾನು ಅದುವರೆಗೆ ಕಂಡವನಲ್ಲ. ಒಂದು ಇನ್‌ಲ್ಯಾಂಡ್ ಪತ್ರ ತೆಗೆದುಕೊಂಡು ‘ರಜೆ ಮಂಜೂರಾಗಲಿಲ್ಲ, ಸಾಹೇಬರು ಒಪ್ಪುತ್ತಿಲ್ಲ, ದೀಪಾವಳಿಗೆ ತಪ್ಪದೆ ಬರುತ್ತೇನೆ’ ಎಂದು ಬರೆದು ಹಾಕಿದೆ. ಸಾಹೇಬರನ್ನು ನಾನು ಕೇಳಿಯೇ ಇರಲಿಲ್ಲ.

ಶ್ರಾವಣದಲ್ಲಿ ತಂತಿ ಬಂತು. ಮೀರಜದಲ್ಲಿ ಗಾಡಿ ಬದಲಿಸಿ ಊರು ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ನನ್ನನ್ನು ಸಮಾಧಾನಪಡಿಸಲು ಬಂದ ಹಿರಿಯರೆಲ್ಲರೂ ಒಂದೇ ಮಾತು ಹೇಳಿದರು: ‘ನಿನ್ನ ಕೈಯ ನೀರು ಅವನ ಬಾಯಿಗೆ ಬೀಳೂ ಯೋಗ ಇರಲಿಲ್ಲಪಾ. ಋಣಾನುಬಂಧ ಅಷ್ಟ.’ ಅವರಲ್ಲೊಬ್ಬರು ಇನ್ನೊಂದು ಸಂಗತಿಯನ್ನೂ ಸೇರಿಸಿದರು. ನನ್ನ ಆ ಕಾಗದವನ್ನು ಅಪ್ಪ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಜಾತ್ರೆಯಲ್ಲಿ ಕಂಡಕಂಡವರಿಗೆಲ್ಲ ತೋರಿಸಿದ್ದನಂತೆ. ‘ನನ್ನ ಮಗ ಇಲ್ಲದಿದ್ದರ ಮುಂಬಯಿ ಆಫೀಸು ನಡೆಯೂದಿಲ್ಲ’ ಎಂದು ಹೇಳಿಕೊಂಡಿದ್ದನಂತೆ. ಋಣದ ಮಾತು ತಂದ ಸಮಾಧಾನ ಆ ಕ್ಷಣಕ್ಕೇ ಮುಗಿದುಹೋಯಿತು. ಅಪ್ಪನ ಸಾವು ಹಣೆಬರಹವಾಗಿದ್ದೀತು. ಆದರೆ ಆ ಕಾಗದ ನನ್ನ ಕೈಬರಹ.

ಮರಳಿ ಬಂದ ಮೇಲೆ ಒಂದು ರಾತ್ರಿ ಗ್ಯಾಲರಿಯಲ್ಲಿ ಪಕ್ಕದ ಮನೆಯ ಹಿರಿಯರಿಗೆ ಇದನ್ನೆಲ್ಲ ಹೇಳಿಕೊಂಡೆ. ಅವರೂ ಸಮಾಧಾನದ ಮಾತನ್ನೇ ಆಡಿಯಾರು ಎಂಬ ಆಸೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಅದು ನಿಮ್ಮ ತಪ್ಪು. ತಪ್ಪು ನಿಮ್ಮದಾದರೆ ನಿಮಗೆ ಕ್ಷಮೆಯೂ ಉಂಟು. ವಿಧಿಯದ್ದು ಎಂದಾದರೆ ಕ್ಷಮಿಸುವುದು ಯಾರನ್ನು?’ ಎಂದರು. ನನಗೆ ಸಿಟ್ಟು ಬಂತು. ಒಂದು ವಾರ ಅವರೊಡನೆ ಮಾತು ಬಿಟ್ಟೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಮುಂದಿನ ವರುಷಗಳಲ್ಲಿ ಅವರಿಂದ ಕೇಳಿ, ಅವರು ಕೊಟ್ಟ ಪುಸ್ತಕಗಳನ್ನೂ ಬೇರೆ ಪುಸ್ತಕಗಳನ್ನೂ ಓದಿ, ಕ್ರೈಸ್ತ ಧರ್ಮದಲ್ಲಿ ಮನುಷ್ಯನ ಸ್ವತಂತ್ರ ಇಚ್ಛೆಯ ಬಗ್ಗೆ ಎರಡು ಸಾವಿರ ವರ್ಷ ನಡೆದ ವಿಚಾರವನ್ನು ಅಷ್ಟಿಷ್ಟು ತಿಳಿದುಕೊಂಡೆ. ನಾನು ಆ ಧರ್ಮದವನಲ್ಲ. ಆದರೂ ಆ ವಿಚಾರ ನನ್ನ ಬಾಳಿಗೆ ಒದಗಿ ಬಂದಿದೆ, ವಾಚಕರೊಡನೆ ಹಂಚಿಕೊಳ್ಳಬೇಕೆನಿಸಿತು.

ಮೊದಲನೆಯ ಪ್ರಶ್ನೆ ನಮ್ಮ ಮಕ್ಕಳೂ ಕೇಳುವಂಥದು. ದೇವರು ಸರ್ವಜ್ಞನಾದರೆ ನಾಳೆ ನಾನು ಏನು ಮಾಡುತ್ತೇನೆಂಬುದು ಅವನಿಗೆ ಇಂದೇ ಗೊತ್ತು. ಗೊತ್ತಿದ್ದಂತೆಯೇ ನಡೆಯಬೇಕಲ್ಲವೆ? ಹಾಗಿದ್ದರೆ ನನ್ನ ಸ್ವಾತಂತ್ರ್ಯವೆಲ್ಲಿ ಉಳಿಯಿತು? ಇದಕ್ಕೆ ಸಂತ ಅಗಸ್ಟೀನರು ಕೊಟ್ಟ ಉತ್ತರ ಸರಳವಾಗಿದೆ. ಅವರು ಇಂದಿನ ಅಲ್ಜೀರಿಯ ದೇಶಕ್ಕೆ ಸೇರಿದ ಥಗಾಸ್ಟೆ ಎಂಬಲ್ಲಿ 354ರಲ್ಲಿ ಹುಟ್ಟಿದವರು. ಸ್ವತಂತ್ರ ಇಚ್ಛೆಯನ್ನು ಕುರಿತೇ ಒಂದು ಗ್ರಂಥವನ್ನು ರಚಿಸಿದವರು. ನಿನ್ನೆ ನಡೆದದ್ದನ್ನು ನೀನು ನೆನಪಿಟ್ಟುಕೊಂಡಿದ್ದೀಯೆ. ನಿನ್ನ ನೆನಪಿನ ಬಲವಂತದಿಂದ ಅದು ನಡೆಯಿತೇನು? ಹಾಗೆಯೇ, ನಾಳೆಯದನ್ನು ದೇವರು ಬಲ್ಲನೆಂದ ಮಾತ್ರಕ್ಕೆ ಅವನು ಅದನ್ನು ನಿನ್ನಿಂದ ಮಾಡಿಸಿದಂತಾಗುವುದಿಲ್ಲ ಎಂಬುದು ಅವರ ವಾದದ ತಿರುಳು. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸರು ಇನ್ನೂ ನೇರವಾಗಿ ಹೇಳಿದರು: ಮನುಷ್ಯನಿಗೆ ಆಯ್ಕೆಯೇ ಇಲ್ಲದಿದ್ದರೆ ಬುದ್ಧಿವಾದ, ಆಜ್ಞೆ, ಬಹುಮಾನ, ಶಿಕ್ಷೆ ಎಲ್ಲವೂ ವ್ಯರ್ಥ. ಮಕ್ಕಳನ್ನು ಬೆಳೆಸಿದ ಯಾರಿಗೂ ಈ ಮಾತು ಹೊಸದೆನಿಸದು. ಕಲ್ಲಿಗೆ ಯಾರೂ ಬುದ್ಧಿ ಹೇಳುವುದಿಲ್ಲ.

ಬೈಬಲಿನ ಕಥೆಗಳನ್ನು ಓದಿದಾಗ ಇನ್ನೊಂದು ಸಂಗತಿ ನನ್ನ ಮನಸ್ಸನ್ನು ತಟ್ಟಿತು. ಅಲ್ಲಿಯ ಎಷ್ಟೋ ಕಥೆಗಳಲ್ಲಿ ದೇವರು ಮನುಷ್ಯನ ಕೈಯನ್ನು ಹಿಡಿದು ನಿಲ್ಲಿಸುವುದಿಲ್ಲ. ಮೋಶೆ ತನ್ನ ಜನರ ಮುಂದೆ ಬಾಳು ಸಾವುಗಳೆರಡನ್ನೂ ಇಟ್ಟು, ಬಾಳನ್ನು ಆರಿಸಿಕೊಳ್ಳಿರೆಂದು ಕೇಳಿಕೊಳ್ಳುತ್ತಾನೆ. ಕೇಳಿಕೊಳ್ಳಬಲ್ಲನೇ ಹೊರತು ಅವರ ಪರವಾಗಿ ತಾನು ಆರಿಸಲಾರ. ಮಾರ್ಕನ ಶುಭಸಂದೇಶದಲ್ಲಿ ಒಬ್ಬ ಧನಿಕ ಯೇಸುವಿನ ಬಳಿಗೆ ಓಡುತ್ತ ಬಂದು ನಿತ್ಯಜೀವದ ದಾರಿಯನ್ನು ಕೇಳುತ್ತಾನೆ. ಇದ್ದುದನ್ನು ಮಾರಿ ಬಡವರಿಗೆ ಕೊಟ್ಟು ನನ್ನೊಡನೆ ಬಾ ಎಂಬ ಉತ್ತರ ಬರುತ್ತದೆ. ಅವನು ಮುಖ ಸಪ್ಪಗೆ ಮಾಡಿಕೊಂಡು ಹೊರಟುಹೋಗುತ್ತಾನೆ. ಯೇಸು ಅವನನ್ನು ಪ್ರೀತಿಯಿಂದ ನೋಡಿದನೆಂದು ಬರೆದಿದೆ. ಹಿಂದೆ ಓಡಿಹೋಗಿ ಕರೆದನೆಂದು ಬರೆದಿಲ್ಲ. ಲೂಕನ ಶುಭಸಂದೇಶದ ದುಂದುಗಾರ ಮಗನ ಕಥೆ ಎಲ್ಲರಿಗೂ ಗೊತ್ತು. ತಂದೆ ಬದುಕಿರುವಾಗಲೇ ಆಸ್ತಿಯ ಪಾಲು ಕೇಳುವ ಮಗನಿಗೆ ಆ ತಂದೆ ಪಾಲು ಕೊಟ್ಟು ಕಳಿಸುತ್ತಾನೆ. ಬಾಗಿಲು ಹಾಕುವುದಿಲ್ಲ. ಪ್ರೀತಿಯೆಂಬುದು ಬಲವಂತಕ್ಕೆ ಬರುವ ವಸ್ತುವಲ್ಲ. ಬಲವಂತದಿಂದ ಉಳಿಸಿಕೊಂಡ ಮಗ ಮನೆಯಲ್ಲಿದ್ದೂ ಮನೆಯವನಾಗುವುದಿಲ್ಲ. ಕ್ರೈಸ್ತರು ಮನುಷ್ಯನಿಗೆ ಸ್ವಾತಂತ್ರ್ಯವಿದೆಯೆನ್ನುವುದಕ್ಕೆ ಇದೇ ಬೇರು ಎಂದು ನನಗೆ ತೋರಿದೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣ. ಆಯ್ಕೆ ನನ್ನದೇ ಆದರೆ, ಒಳ್ಳೆಯದೆಂದು ಬಲ್ಲದ್ದನ್ನು ನಾನೇಕೆ ಮಾಡಲಾರೆ? ರೋಮಾಪುರದವರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಇದನ್ನೇ ಗೋಳಾಡುತ್ತಾರೆ: ಬಯಸುವ ಒಳಿತನ್ನು ಮಾಡಲಾಗುತ್ತಿಲ್ಲ, ಬೇಡವೆಂದ ಕೆಡುಕೇ ಕೈಯಿಂದ ನಡೆದುಹೋಗುತ್ತದೆ ಎಂದು. ಅಗಸ್ಟೀನರಂತೂ ತಮ್ಮ ಆತ್ಮಕಥೆಯಲ್ಲಿ ಹದಿನಾರನೆಯ ವಯಸ್ಸಿನ ಒಂದು ಕಳ್ಳತನವನ್ನು ಪುಟಗಟ್ಟಲೆ ಬಗೆದು ನೋಡಿದ್ದಾರೆ. ರಾತ್ರಿ ಹೊತ್ತು ಗೆಳೆಯರೊಡನೆ ಸೇರಿ ನೆರೆಯವರ ಮರದಿಂದ ಪೇರು ಹಣ್ಣುಗಳನ್ನು ಕದ್ದದ್ದು; ಹಸಿವಿರಲಿಲ್ಲ, ಹಣ್ಣು ರುಚಿಯದೂ ಅಲ್ಲ, ಬಹುಪಾಲನ್ನು ಹಂದಿಗಳಿಗೆ ಎಸೆದರು. ಒಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ ಎಂದು ಅವರು ಒಪ್ಪಿಕೊಳ್ಳುತ್ತಾರೆ. ನನಗೆ ಮಹಾಬಳೇಶ್ವರದ ಗೆಳೆಯರು ನೆನಪಾದರು.

ಅದೇ ಪುಸ್ತಕದಲ್ಲಿ ಅವರು ಹೇಳುವ ಸರಪಳಿಯ ಮಾತು ಮರೆಯುವಂಥದಲ್ಲ. ಓರೆಯಾದ ಇಚ್ಛೆಯಿಂದ ಆಸೆ ಹುಟ್ಟುತ್ತದೆ; ಆಸೆಗೆ ಮಣಿಮಣಿದು ಅದು ಚಾಳಿಯಾಗುತ್ತದೆ; ಚಾಳಿಯನ್ನು ಎದುರಿಸದೆ ಬಿಟ್ಟರೆ ಅದೇ ಅನಿವಾರ್ಯವಾಗುತ್ತದೆ. ಒಂದೊಂದು ಕೊಂಡಿಯೂ ನನ್ನದೇ, ಹೊರಗಿನವರು ಹಾಕಿದ್ದಲ್ಲ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ. ನಾವು ‘ನನ್ನ ಸ್ವಭಾವವೇ ಹೀಗೆ’ ಎನ್ನುತ್ತೇವಲ್ಲ, ಆ ಸ್ವಭಾವದ ಬಹುಭಾಗ ನಾವೇ ದಿನದಿನವೂ ಸಣ್ಣಸಣ್ಣ ಹೊಲಿಗೆ ಹಾಕಿ ಹೊಲಿದುಕೊಂಡ ಅಂಗಿ.

ಈ ಸರಪಳಿಯನ್ನು ಮನುಷ್ಯ ತನ್ನ ಬಲದಿಂದಲೇ ಕಳಚಬಲ್ಲನೇ ಎಂಬುದರ ಮೇಲೆ ದೊಡ್ಡ ವಾದಗಳಾದವು. ಪೆಲಾಜಿಯಸ್ ಎಂಬ ಸಂನ್ಯಾಸಿ, ಮನಸ್ಸು ಮಾಡಿದರೆ ಮನುಷ್ಯ ಪಾಪವಿಲ್ಲದೆ ಬಾಳಬಲ್ಲ ಎಂದು ಬೋಧಿಸಿದ. ದೇವಕೃಪೆಯಿಲ್ಲದೆ ಸಾಧ್ಯವಿಲ್ಲವೆಂದು ಅಗಸ್ಟೀನರು ಎದುರಿಸಿದರು. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಸಭೆ ಪೆಲಾಜಿಯಸನ ಮತವನ್ನು ತಳ್ಳಿಹಾಕಿತು. ಸಾವಿರದ ನೂರು ವರ್ಷಗಳ ಮೇಲೆ ಅದೇ ವಾದ ಮತ್ತೆ ಎದ್ದಿತು. 1524ರಲ್ಲಿ ಎರಾಸ್ಮಸ್ ಸ್ವತಂತ್ರ ಇಚ್ಛೆಯ ಪರವಾಗಿ ಬರೆದರೆ, ಮಾರ್ಟಿನ್ ಲೂಥರ್ ಮರುವರ್ಷವೇ ಇಚ್ಛೆ ಬಂಧನದಲ್ಲಿದೆಯೆಂದು ಉತ್ತರ ಬರೆದ. ಮನುಷ್ಯನ ಇಚ್ಛೆ ಸವಾರಿಯ ಪ್ರಾಣಿಯಂತೆ. ಅದರ ಮೇಲೆ ಕೂರುವವನು ದೇವರು ಇಲ್ಲವೆ ಸೈತಾನ ಎಂಬುದು ಲೂಥರನ ಹೋಲಿಕೆ. ಮೋಕ್ಷ ಯಾರಿಗೆಂಬುದನ್ನು ದೇವರು ಮೊದಲೇ ನಿರ್ಣಯಿಸಿದ್ದಾನೆಂದು ಕ್ಯಾಲ್ವಿನ್ ಕಲಿಸಿದ. ಕೆಥೊಲಿಕ್ ಸಭೆಯು 1547ರಲ್ಲಿ ಟ್ರೆಂಟಿನಲ್ಲಿ ಸೇರಿ, ಇಚ್ಛೆ ದುರ್ಬಲವಾಗಿದೆ, ಆದರೆ ನಾಶವಾಗಿಲ್ಲ. ಕೃಪೆ ಮೊದಲು ಬರುತ್ತದೆ, ಮನುಷ್ಯ ಅದಕ್ಕೆ ಒಪ್ಪಬಲ್ಲ, ಬೇಡವೆನ್ನಲೂ ಬಲ್ಲ ಎಂದು ತೀರ್ಮಾನಿಸಿತು.

ಕನ್ನಡ ನಾಡಿನಲ್ಲಿ ಹುಟ್ಟಿದವರಿಗೆ ಈ ಜಗಳ ತೀರ ಪರಕೀಯವೆನಿಸದು. ಜೀವರಲ್ಲಿ ಸ್ವಭಾವತಃ ತಾರತಮ್ಯವುಂಟು, ಅವರವರ ಗತಿಯೂ ಅದಕ್ಕೆ ತಕ್ಕಂತೆ ಎಂದು ಮಧ್ವಾಚಾರ್ಯರು ಪ್ರತಿಪಾದಿಸಿದರು. ಹಾಗಾದರೆ ಸಾಧನೆಗೆ ಬೆಲೆಯೇನು ಎಂಬ ಚರ್ಚೆ ನಮ್ಮ ಮಠಗಳ ಜಗಲಿಯಲ್ಲಿಯೂ ನಡೆದಿದೆ. ಇತ್ತ, ಭಗವದ್ಗೀತೆಯ ಕೊನೆಯಲ್ಲಿ ಹದಿನೆಂಟು ಅಧ್ಯಾಯಗಳಷ್ಟು ಉಪದೇಶ ಮಾಡಿದ ಕೃಷ್ಣನೇ ಅರ್ಜುನನಿಗೆ, ಎಲ್ಲವನ್ನೂ ಚೆನ್ನಾಗಿ ವಿಚಾರಿಸಿ ನಿನಗೆ ತೋರಿದಂತೆ ಮಾಡು ಎನ್ನುತ್ತಾನೆ. ಕ್ರೈಸ್ತರ ಕೃಪೆಯೂ ನಮ್ಮ ಕರ್ಮವೂ ಒಂದೇ ಎಂದು ಹೇಳುವ ಆತುರ ನನಗಿಲ್ಲ. ಅವುಗಳ ನಡುವೆ ನಿಜವಾದ ಭೇದಗಳಿವೆ. ಪ್ರಶ್ನೆ ಮಾತ್ರ ಒಂದೇ.

ಇಷ್ಟೆಲ್ಲ ವಾದಗಳ ನಡುವೆ ನನ್ನ ಕಣ್ಣಿಗೆ ಬಿದ್ದ ಒಂದು ಸಂಗತಿಯಿದೆ. ಇಚ್ಛೆ ಬಂಧನದಲ್ಲಿದೆ ಎಂದ ಲೂಥರ್ ಕೂಡ, ಮನುಷ್ಯನಿಗಿಂತ ಕೆಳಗಿನ ವಿಷಯಗಳಲ್ಲಿ, ಅಂದರೆ ಹಣಕಾಸು, ಆಸ್ತಿಪಾಸ್ತಿಗಳಂಥ ವ್ಯವಹಾರಗಳಲ್ಲಿ ಅವನಿಗೆ ಆಯ್ಕೆಯುಂಟೆಂದು ಒಪ್ಪಿದ. ಮೋಕ್ಷದ ಮಾತು ಪಂಡಿತರಿಗಿರಲಿ. ಅಂಗಡಿಯವನು ತಪ್ಪಿ ಹೆಚ್ಚು ಕೊಟ್ಟ ಚಿಲ್ಲರೆಯನ್ನು ಮರಳಿ ಕೊಡಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ನಾನು ಸ್ವತಂತ್ರನೋ ಅಲ್ಲವೋ ಎಂದು ಯಾವ ಪಂಥದವರೂ ತಲೆ ಕೆಡಿಸಿಕೊಳ್ಳಲಿಲ್ಲ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎನ್ನುವ ನಾವೂ, ಅತ್ಯಲ್ಪದರಲ್ಲಿ ನಂಬಿಕಸ್ತನಾದವನು ಹೆಚ್ಚಿನದರಲ್ಲೂ ಹಾಗೆಯೇ ಇರುವನೆಂದು ಕಲಿಸಿದ ಯೇಸುವೂ ಈ ಅಡಿಕೆಯಷ್ಟು ಸಣ್ಣ ಜಾಗವನ್ನೇ ತೋರಿಸುತ್ತೇವೆ. ಸ್ವಾತಂತ್ರ್ಯ ವಾಸವಾಗಿರುವುದು ಅಲ್ಲಿಯೇ.

ಆಗ ನನಗೆ ಪಕ್ಕದ ಮನೆಯ ಹಿರಿಯರ ‘ದಿನದ ಲೆಕ್ಕ’ದ ಅರ್ಥ ತಿಳಿಯಿತು. ಅದನ್ನು ಕಲಿಸಿದವರು ಸಂತ ಇಗ್ನೇಷಿಯಸ್ ಲೊಯೋಲಾ. ಅವರು ಮೊದಲು ಸ್ಪೇನ್ ದೇಶದ ಯೋಧ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದಾಗ ಓದಲು ಬಯಸಿದ ವೀರಶೃಂಗಾರದ ಕಥೆಗಳು ಸಿಗದೆ, ಸಿಕ್ಕ ಕ್ರಿಸ್ತಚರಿತ್ರೆಯನ್ನೂ ಸಂತರ ಚರಿತ್ರೆಗಳನ್ನೂ ಓದಿದರು. ಶೌರ್ಯದ, ಪ್ರಣಯದ ಕನಸು ಕಾಣುವಾಗ ಸುಖವೆನಿಸಿದರೂ ಆಮೇಲೆ ಮನಸ್ಸು ಬರಡಾಗುತ್ತಿತ್ತು. ಸಂತರಂತೆ ಬಾಳುವ ಕನಸಾದರೋ ಮುಗಿದ ಮೇಲೂ ತಂಪು ಉಳಿಸುತ್ತಿತ್ತು. ಈ ವ್ಯತ್ಯಾಸವನ್ನು ಅವರು ಗಮನಿಸಿದರು. ಆಯ್ಕೆಯ ಮುಂಚಿನ ರುಚಿಗಿಂತ ಆಮೇಲಿನ ರುಚಿಯನ್ನು ನೋಡು ಎಂಬುದು ಅವರ ಪಾಠದ ಸಾರ. 1548ರಲ್ಲಿ ಅಚ್ಚಾದ ಅವರ ‘ಆತ್ಮಸಾಧನೆ’ಯ ಪುಸ್ತಕದಲ್ಲಿ ದಿನದ ಪರಿಶೀಲನೆಗೆ ಐದು ಮೆಟ್ಟಿಲುಗಳಿವೆ: ಪಡೆದುದಕ್ಕೆ ಕೃತಜ್ಞತೆ, ತಪ್ಪನ್ನು ಕಾಣಲು ಬೆಳಕಿನ ಬೇಡಿಕೆ, ಗಂಟೆಗಂಟೆಯಾಗಿ ದಿನವನ್ನು ತಿರುವಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೊಂದು ಸಂಕಲ್ಪ. ಮನಸ್ಸು ಕುಗ್ಗಿರುವ ಹೊತ್ತಿನಲ್ಲಿ, ಮೊದಲು ಶಾಂತಮನಸ್ಸಿನಿಂದ ಮಾಡಿದ ನಿರ್ಧಾರವನ್ನು ಬದಲಿಸಬೇಡ ಎಂಬ ನಿಯಮವೂ ಅಲ್ಲಿದೆ. ಸಿಟ್ಟಿನಲ್ಲಿ ರಾಜೀನಾಮೆ ಬರೆದು ಆಮೇಲೆ ಪರಿತಪಿಸಿದವರಿಗೆ ಈ ನಿಯಮದ ಬೆಲೆ ಗೊತ್ತು.

ಸಣ್ಣ ಆಯ್ಕೆಗಳಿಂದ ಏನಾದೀತು ಎಂದು ಕೇಳುವವರಿಗೆ ಒಬ್ಬ ರೈತನ ಕಥೆ ಹೇಳುತ್ತೇನೆ. ಆಸ್ಟ್ರಿಯ ದೇಶದ ಸಾಂಕ್ಟ್ ರಾಡೆಗುಂಡ್ ಎಂಬ ಹಳ್ಳಿಯಲ್ಲಿ 1907ರಲ್ಲಿ ಹುಟ್ಟಿದ ಫ್ರಾನ್ಸ್ ಯೇಗರ್‌ಷ್ಟೆಟ್ಟರ್ ತಾರುಣ್ಯದಲ್ಲಿ ಮೋಟರ್ ಸೈಕಲ್ ಸವಾರಿ ಮಾಡುತ್ತ, ಜಗಳಗಂಟನೆನಿಸಿಕೊಂಡು ತಿರುಗಿದವನು. 1936ರಲ್ಲಿ ಮದುವೆಯಾದ ಮೇಲೆ ದೈವಭಕ್ತನಾದ. 1938ರ ಏಪ್ರಿಲ್‌ನಲ್ಲಿ ಹಿಟ್ಲರನ ಜರ್ಮನಿಯೊಡನೆ ಆಸ್ಟ್ರಿಯದ ವಿಲೀನಕ್ಕೆ ಜನಮತ ಕೇಳಿದಾಗ ಆ ಹಳ್ಳಿಯಲ್ಲಿ ‘ಬೇಡ’ ಎಂದು ಮತ ಹಾಕಿದವನು ಅವನೊಬ್ಬನೇ. ನಾಜಿ ಪಕ್ಷದ ವಂತಿಗೆ ಕೇಳಲು ಬಂದವರಿಗೆ ಕೊಡಲಿಲ್ಲ. ಆಲಿಕಲ್ಲು ಮಳೆಗೆ ಬೆಳೆ ಹೋದಾಗ ಆ ಸರಕಾರದ ಪರಿಹಾರಧನವನ್ನೂ ಮುಟ್ಟಲಿಲ್ಲ. ಇವೆಲ್ಲ ಯಾರೂ ಗಮನಿಸದ ಸಣ್ಣ ಸಂಗತಿಗಳು. ಅವನೂ ಮೊದಲ ಸಲ ಕರೆ ಬಂದಾಗ ಸೈನ್ಯದ ತರಬೇತಿಗೆ ಹೋಗಿಬಂದವನೇ. ಆದರೆ 1943ರಲ್ಲಿ ಮತ್ತೆ ಕರೆ ಬಂದಾಗ, ಆ ಯುದ್ಧ ಅನ್ಯಾಯದ ಯುದ್ಧ, ನಾನು ಹೋರಾಡಲಾರೆ ಎಂದ. ಗಾಯಾಳುಗಳ ಶುಶ್ರೂಷೆಗಾದರೆ ಸಿದ್ಧನಿದ್ದ. ಹೆಂಡತಿ, ಮೂವರು ಪುಟ್ಟ ಹೆಣ್ಣುಮಕ್ಕಳನ್ನು ನೆನೆಯೆಂದು ಊರವರೂ ಪಾದ್ರಿಗಳೂ ಹೇಳಿದರು; ಬಿಷಪ್ಪರೂ ಅದನ್ನೇ ಹೇಳಿ ಕಳಿಸಿದ್ದರು. ಅದೇ ವರ್ಷದ ಆಗಸ್ಟ್ 9ರಂದು ಅವನ ಶಿರಚ್ಛೇದವಾಯಿತು. 1997ರಲ್ಲಿ ಬರ್ಲಿನ್ನಿನ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಗೊಳಿಸಿತು. 2007ರ ಅಕ್ಟೋಬರ್ 26ರಂದು ಲಿಂಟ್ಸ್ ನಗರದಲ್ಲಿ ಕೆಥೊಲಿಕ್ ಸಭೆ ಅವನನ್ನು ಪುಣ್ಯವಂತನೆಂದು ಘೋಷಿಸಿದಾಗ ತೊಂಬತ್ತು ದಾಟಿದ ಅವನ ಹೆಂಡತಿ ಫ್ರಾನ್ಸಿಸ್ಕಾ ಅಲ್ಲಿದ್ದಳು.

ಅವನ ನಿರ್ಧಾರ ಸರಿಯೋ, ಹೆಂಡತಿ ಮಕ್ಕಳಿಗೆ ಅದು ನ್ಯಾಯವಾಯಿತೋ ಎಂದು ನಾವು ಕೇಳಬಹುದು. ಅದು ಸುಲಭದ ಪ್ರಶ್ನೆಯಲ್ಲ. ಆದರೆ ಒಂದು ಮಾತು ಸ್ಪಷ್ಟ. 1943ರಲ್ಲಿ ಅವನು ಹೇಳಿದ ದೊಡ್ಡ ‘ಇಲ್ಲ’ ಆಕಾಶದಿಂದ ಬೀಳಲಿಲ್ಲ. ಐದು ವರ್ಷ ಅವನು ಸಣ್ಣ ‘ಇಲ್ಲ’ಗಳನ್ನು ಅಭ್ಯಾಸ ಮಾಡಿದ್ದ. ಅಗಸ್ಟೀನರ ಸರಪಳಿ ಕೆಡುಕಿಗೆ ಮಾತ್ರವಲ್ಲ, ಒಳಿತಿಗೂ ಹೊಂದುತ್ತದೆ. ನಾನು ಇನ್‌ಲ್ಯಾಂಡ್ ಪತ್ರದಲ್ಲಿ ಬರೆದ ಸುಳ್ಳೂ ಮೊದಲನೆಯದಾಗಿರಲಿಲ್ಲ ಎಂದು ಆಮೇಲೆ ನೆನಪಾಯಿತು; ಅದಕ್ಕೂ ಮುಂಚೆ ಎಷ್ಟೋ ನಿರುಪದ್ರವಿಯೆನಿಸಿದ ಸುಳ್ಳುಗಳನ್ನು ಬರೆದು ನನ್ನ ಕೈ ಪಳಗಿತ್ತು.

ಹಾಗೆಂದು ಮನುಷ್ಯನ ಮೇಲೆ ಎಲ್ಲ ಹೊರೆಯನ್ನೂ ಹೇರುವುದು ನ್ಯಾಯವಲ್ಲ. ನಮ್ಮೊಡನೆ ಊರು ಬಿಟ್ಟು ಬಂದವರಲ್ಲಿ ಎಷ್ಟೋ ಜನ ಆರಿಸಿಕೊಂಡು ಬಂದವರಲ್ಲ. ಬರಗಾಲ, ಸಾಲ, ಹಸಿವು ಅವರನ್ನು ಅಟ್ಟಿದವು. ಹೋಟೆಲಿನಲ್ಲಿ ಲೋಟ ತೊಳೆಯಲು ಬಂದ ಹತ್ತು ವರ್ಷದ ಹುಡುಗನಿಗೆ ಆಯ್ಕೆಯ ಉಪದೇಶ ಮಾಡುವುದು ಕ್ರೌರ್ಯ. 1992ರಲ್ಲಿ ಪ್ರಕಟವಾದ ಕೆಥೊಲಿಕ್ ಧರ್ಮೋಪದೇಶದ ಗ್ರಂಥವೂ ಅಜ್ಞಾನ, ಭಯ, ಬಲಾತ್ಕಾರ, ಚಾಳಿ ಮೊದಲಾದವುಗಳಿಂದ ಮನುಷ್ಯನ ಹೊಣೆ ಕಡಿಮೆಯಾಗುತ್ತದೆ, ಕೆಲವೊಮ್ಮೆ ಇಲ್ಲವಾಗುತ್ತದೆ ಎಂದೇ ಹೇಳುತ್ತದೆ. ಒಂದು ಪಾಪ ಮಾರಕವೆನಿಸಬೇಕಾದರೆ ವಿಷಯ ಗಂಭೀರವಾಗಿರಬೇಕು, ಪೂರ್ಣ ಅರಿವಿರಬೇಕು, ಬೇಕೆಂದೇ ಮಾಡಿರಬೇಕು ಎಂಬ ಮೂರು ನಿಬಂಧನೆಗಳನ್ನೂ ಹಾಕುತ್ತದೆ. ಇನ್ನೊಬ್ಬರನ್ನು ಅಳೆಯುವಾಗ ಈ ರಿಯಾಯಿತಿಗಳನ್ನು ಧಾರಾಳವಾಗಿ ಕೊಡಬೇಕು. ತನ್ನನ್ನು ಅಳೆದುಕೊಳ್ಳುವಾಗ ಮಾತ್ರ ಸ್ವಲ್ಪ ಜಿಪುಣನಾಗಿರುವುದು ಒಳ್ಳೆಯದು. ನನ್ನ ವಿಷಯದಲ್ಲಿ ಬರಗಾಲವಿರಲಿಲ್ಲ, ಭಯವಿರಲಿಲ್ಲ. ರಜೆ ಇತ್ತು.

ಈಗ ಆ ಹಿರಿಯರ ಮಾತಿಗೆ ಮರಳುತ್ತೇನೆ. ತಪ್ಪು ನಿಮ್ಮದಾದರೆ ಕ್ಷಮೆಯೂ ಉಂಟು ಎಂದಿದ್ದರಲ್ಲ, ಅದರಲ್ಲೇ ಈ ವಿಚಾರದ ಜೀವವಿದೆ. ಯೇಸುವನ್ನು ಹಿಡಿದುಕೊಟ್ಟ ರಾತ್ರಿ ಇಬ್ಬರು ಶಿಷ್ಯರು ಜಾರಿದರು. ಯೂದ ಹಣಕ್ಕೆ ಗುರುವನ್ನು ಒಪ್ಪಿಸಿದ. ಪೇತ್ರ ಕೋಳಿ ಕೂಗುವುದರೊಳಗೆ ಮೂರು ಸಲ ಗುರುವನ್ನು ಅರಿಯೆನೆಂದ. ಇಬ್ಬರಿಗೂ ಪಶ್ಚಾತ್ತಾಪವಾಯಿತು. ಯೂದ ತನ್ನ ಕಥೆ ಮುಗಿಯಿತೆಂದುಕೊಂಡು ನೇಣು ಹಾಕಿಕೊಂಡ. ಪೇತ್ರ ಹೊರಗೆ ಹೋಗಿ ಅತ್ತ; ಆದರೆ ಮರಳಿ ಬಂದ. ಆ ಮೊದಲ ಜಾರುವಿಕೆಯ ನಂತರವೂ ಅವರ ಮುಂದೆ ಇನ್ನೊಂದು ಆಯ್ಕೆ ಉಳಿದಿತ್ತೆಂಬುದನ್ನು ಒಬ್ಬ ಕಂಡ, ಇನ್ನೊಬ್ಬ ಕಾಣಲಿಲ್ಲ. ಕೆಥೊಲಿಕರು ಬಲಿಪೂಜೆಯ ಆರಂಭದಲ್ಲಿ ಎದೆ ಬಡಿದುಕೊಂಡು, ಆಲೋಚನೆಯಿಂದ, ಮಾತಿನಿಂದ, ಕೃತಿಯಿಂದ ಮಾತ್ರವಲ್ಲ, ಮಾಡಬೇಕಾದ್ದನ್ನು ಮಾಡದೆ ಬಿಟ್ಟುದರಿಂದಲೂ ತಾವು ತಪ್ಪಿದ್ದೇವೆಂದು ಒಪ್ಪಿಕೊಳ್ಳುತ್ತಾರೆ. ಮೊದಲಿಗೆ ನನಗೆ ಇದು ಸುಮ್ಮನೆ ತನ್ನನ್ನು ಹಳಿದುಕೊಳ್ಳುವುದೆನಿಸಿತ್ತು. ಆಮೇಲೆ ತಿಳಿಯಿತು, ತಪ್ಪು ನನ್ನದೆನ್ನುವವನು, ತಾನು ಬೇರೆ ರೀತಿ ನಡೆಯಬಹುದಿತ್ತು ಎನ್ನುತ್ತಾನೆ. ಹಾಗೆನ್ನುವವನೇ ನಾಳೆ ಬೇರೆ ರೀತಿ ನಡೆಯಬಲ್ಲ. ವಿಧಿಯ ಮೇಲೆ ಹಾಕಿದವನಿಗೆ ನಿನ್ನೆಯ ನೋವು ತಪ್ಪೀತು, ನಾಳೆಯೂ ತಪ್ಪಿಹೋಗುತ್ತದೆ.

1983ರ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವ್ವನ ಮುಂದೆ ಕುಳಿತು ಕಾಗದದ ಸಂಗತಿ ಹೇಳಿದೆ. ಗಾಡಿಯಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅರ್ಧ ಹೇಳುವಷ್ಟರಲ್ಲಿ ಅವಳು, ‘ಇದನ್ನ ಹೇಳಾಕ ನಾಕು ವರ್ಷ ಬೇಕಾತೇನು? ಕೈಕಾಲು ತೊಳಕೊಂಡು ಬಾ, ಉಣ್ಣಾಕ ಹಾಕ್ತೀನಿ’ ಎಂದು ಒಳಗೆ ಹೋದಳು. ಲೂಕನ ಕಥೆಯಲ್ಲಿಯೂ ಹಾಗೆಯೇ ಇದೆ. ದುಂದುಗಾರ ಮಗ ದಾರಿಯಲ್ಲಿ ಸಿದ್ಧಪಡಿಸಿಕೊಂಡು ಬಂದ ಮಾತನ್ನು ಪೂರ್ತಿ ಆಡಲು ಆ ತಂದೆ ಬಿಡುವುದಿಲ್ಲ. ಅಷ್ಟರಲ್ಲೇ ಊಟದ ಏರ್ಪಾಡಿಗೆ ಆಳುಗಳಿಗೆ ಕೂಗಿ ಹೇಳುತ್ತಾನೆ. ಅವ್ವ ಆ ಕಥೆಯನ್ನು ಕೇಳಿದವಳಲ್ಲ. ಅಪ್ಪನಲ್ಲಿ ಕ್ಷಮೆ ಕೇಳುವ ಅವಕಾಶ ನನಗೆ ಮತ್ತೆ ಸಿಗಲಿಲ್ಲ. ಅದರ ನೋವು ಇಂದಿಗೂ ಇದೆ, ಇರಬೇಕಾದದ್ದೇ. ಆದರೆ ಅಂದಿನಿಂದ ಅವ್ವನಿಗೆ ರಜೆಯ ವಿಷಯದಲ್ಲಿ ಸುಳ್ಳು ಬರೆಯಲಿಲ್ಲ. ಒಮ್ಮೆ ‘ರಜೆ ಇದೆ, ಆದರೆ ಬಹಳ ದಣಿದಿದ್ದೇನೆ, ಈ ಸಲ ಬರುವುದಿಲ್ಲ’ ಎಂದೇ ಬರೆದೆ. ಓದು ಬರಹ ಬಾರದ ಅವಳು ನೆರೆಯ ಹುಡುಗಿಯ ಕೈಯಲ್ಲಿ ಉತ್ತರ ಬರೆಸಿದ್ದಳು: ಚೆನ್ನಾಗಿ ಮಲಗು, ಮುಂದಿನ ತಿಂಗಳು ಬಾ. ನಿಜ ಬರೆದರೆ ನೋವಾದೀತೆಂದು ಅಂಜಿ ನಾವು ಬರೆಯುವ ಸುಳ್ಳುಗಳಲ್ಲಿ ಎಷ್ಟು ಅನಗತ್ಯವೋ!

ಇಂದು ಇನ್‌ಲ್ಯಾಂಡ್ ಪತ್ರ ಬರೆಯುವವರಿಲ್ಲ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಊರಿನಿಂದ ತಾಯಿಯ ಕರೆ ಬಂದಾಗ ‘ಮೀಟಿಂಗಿನಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ’ ಎಂದು ಎರಡು ಬೆರಳಲ್ಲಿ ಒತ್ತಿ ಕಳಿಸುವುದು ಕಾಗದ ಬರೆಯುವುದಕ್ಕಿಂತ ಸುಲಭ. ಮೀಟಿಂಗ್ ಇದ್ದರೆ ಸರಿ. ಇಲ್ಲದಿದ್ದರೆ, ಆ ಎರಡು ಬೆರಳು ನಮ್ಮವೇ. ಆ ಚಾಳು ಈಗಿಲ್ಲ, ಆ ಹಿರಿಯರೂ ತೀರಿಕೊಂಡು ಬಹಳ ವರ್ಷಗಳಾದವು. ನನಗೀಗ ಎಪ್ಪತ್ತು ದಾಟಿದೆ. ರಾತ್ರಿ ಊಟವಾದ ಮೇಲೆ ನಾನೂ ಬಾಲ್ಕನಿಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಹತ್ತು ನಿಮಿಷ ಕೂರುತ್ತೇನೆ. ಏನು ಮಾಡುತ್ತೀಯಜ್ಜಾ ಎಂದು ಮೊಮ್ಮಗಳು ಕೇಳುತ್ತಾಳೆ. ಲೆಕ್ಕ ನೋಡುತ್ತೇನೆ ಮಗೂ ಎನ್ನುತ್ತೇನೆ.